ಮ್ಯಾನಿಫೋಲ್ಡ್ ಪ್ಲಂಬಿಂಗ್: ಮೈಸೂರಿನ ಮನೆಯಲ್ಲಿ ಲೆಕ್ಕ ಟ್ಯಾಂಕಿನ ಎತ್ತರದಿಂದ ಶುರುವಾಗಬೇಕು

ಮೈಸೂರಿನ ರಿಂಗ್ ರಸ್ತೆಯ ಆಚೀಚೆ, ಬೋಗಾದಿ, ದಟ್ಟಗಳ್ಳಿ, ಹೂಟಗಳ್ಳಿಯ ಕಡೆ ಮನೆ ಕಟ್ಟಿಸುತ್ತಿರುವವರು ಟೈಲ್ಸ್, ಕಿಟಕಿ, ಬಾಗಿಲುಗಳನ್ನು ಆರಿಸಲು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಗೋಡೆಯೊಳಗೆ ಹೋಗುವ ನೀರಿನ ಪೈಪಿನ ಆಯ್ಕೆಯನ್ನು ಮಾತ್ರ ಪ್ಲಂಬರ್‌ಗೆ ಬಿಟ್ಟುಬಿಡುತ್ತಾರೆ. ಪ್ಲಂಬರ್ ತಮ್ಮ ಕೈಗೆ ಪಳಗಿರುವ ಸಿಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪನ್ನೇ ಹಾಕುತ್ತಾರೆ, ಬಹುಪಾಲು ಮನೆಗಳಲ್ಲಿ ಅದು ತಕ್ಕಮಟ್ಟಿಗೆ ನಡೆದುಕೊಂಡೂ ಹೋಗುತ್ತದೆ. ಈ ರೂಢಿಗೆ ಪ್ರತಿಯಾಗಿ ಈಗ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಮತ್ತು ಅದನ್ನು ಒಂದೇ ಜಾಗದಿಂದ ಪ್ರತಿ ನಲ್ಲಿಗೂ ಬೇರೆ ಬೇರೆಯಾಗಿ ಹಂಚುವ ಮ್ಯಾನಿಫೋಲ್ಡ್ ಮಾರುಕಟ್ಟೆಗೆ ಬಂದಿವೆ. ಗೋಡೆಯೊಳಗೆ ಒಂದೂ ಜಾಯಿಂಟ್ ಇಲ್ಲ, ಆದ್ದರಿಂದ ಸೋರುವ ಮಾತೇ ಇಲ್ಲ ಎಂಬುದು ಮಾರುವವರ ವಾದ. ವಾದದಲ್ಲಿ ಸತ್ಯವಿದೆ. ಆದರೆ ಈ ಪದ್ಧತಿ ಬೆಳೆದದ್ದು ಬೀದಿಯ ಕೊಳವೆಯಿಂದ ಜೋರಾದ ಒತ್ತಡದಲ್ಲಿ ನೀರು ನೇರವಾಗಿ ನಲ್ಲಿಗೆ ಬರುವ ದೇಶಗಳಲ್ಲಿ. ನಮ್ಮಲ್ಲಿ ನೀರು ತಾರಸಿಯ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಬದಿಗಿಟ್ಟು ಹೊರಗಿನ ನಕ್ಷೆಯನ್ನು ಇದ್ದಂತೆಯೇ ಇಲ್ಲಿಗೆ ತಂದರೆ, ಸೋರದ ಪೈಪು ಸಿಗಬಹುದು, ಮೊದಲ ಮಹಡಿಯ ಶವರ್‌ನಲ್ಲಿ ನೀರು ಸಿಗದೇ ಹೋಗಬಹುದು.

ಮೊದಲು ಪದ್ಧತಿಯ ಸ್ವರೂಪವನ್ನು ನೋಡೋಣ. ನಮ್ಮಲ್ಲಿ ರೂಢಿಯಲ್ಲಿರುವುದು ಕೊಂಬೆ ಕವಲಿನ ಜೋಡಣೆ: ಟ್ಯಾಂಕಿನಿಂದ ಒಂದು ದಪ್ಪ ಪೈಪು ಇಳಿಯುತ್ತದೆ, ದಾರಿಯಲ್ಲಿ ಟೀ ಎಂಬ ಮೂರು ಬಾಯಿಯ ತುಂಡುಗಳ ಮೂಲಕ ಬಚ್ಚಲುಮನೆಗೆ, ಅಡುಗೆಮನೆಗೆ, ಯುಟಿಲಿಟಿಗೆ ಕವಲೊಡೆಯುತ್ತದೆ, ಪ್ರತಿ ಕವಲೂ ಮತ್ತೆ ಎಲ್ಬೋ ಎಂಬ ಮೂಲೆತುಂಡುಗಳಿಂದ, ಟೀಗಳಿಂದ ತಿರುಗಿ ನಲ್ಲಿ ತಲುಪುತ್ತದೆ. ಮ್ಯಾನಿಫೋಲ್ಡ್ ಪದ್ಧತಿಯಲ್ಲಿ ದಪ್ಪ ಪೈಪು ಒಂದು ಹಿತ್ತಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಕೊಳವೆಗೆ ಬಂದು ನಿಲ್ಲುತ್ತದೆ. ಆ ಕೊಳವೆಗೆ ಸಾಲಾಗಿ ಕಿರುವಾಲ್ವ್‌ಗಳಿದ್ದು, ಪ್ರತಿಯೊಂದರಿಂದಲೂ ಒಂದು ತೆಳುವಾದ ಪೈಪು ಹೊರಟು ನಡುವೆ ಎಲ್ಲಿಯೂ ತುಂಡಾಗದೆ ಒಂದೇ ನಲ್ಲಿಗೆ ಹೋಗುತ್ತದೆ. ವಿದ್ಯುತ್ತಿನ ಎಂಸಿಬಿ ಪೆಟ್ಟಿಗೆಯನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ವಾಶ್‌ಬೇಸಿನ್‌ನ ನಲ್ಲಿ ಕೆಟ್ಟರೆ ಅದರ ವಾಲ್ವ್ ಒಂದನ್ನೇ ತಿರುಗಿಸಿ ನಿಲ್ಲಿಸಬಹುದು, ಉಳಿದ ಮನೆಗೆ ನೀರು ಬರುತ್ತಲೇ ಇರುತ್ತದೆ.

ಪೈಪಿನ ವಸ್ತುವೂ ಹೊಸತೇನಲ್ಲ. ಪಾಲಿಎಥಿಲೀನ್‌ನ ಉದ್ದುದ್ದ ಅಣುಸರಪಳಿಗಳನ್ನು ಒಂದಕ್ಕೊಂದು ಅಡ್ಡಡ್ಡವಾಗಿ ಬೆಸೆದರೆ ಅದು ಬಿಸಿಗೆ ಸುಲಭವಾಗಿ ಮೆತ್ತಗಾಗದು ಎಂಬ ತತ್ತ್ವವನ್ನು ಜರ್ಮನಿಯ ಥಾಮಸ್ ಎಂಗೆಲ್ 1960ರ ದಶಕದ ಕೊನೆಯಲ್ಲಿ ಪೈಪಿಗೆ ಅಳವಡಿಸಿದರು. 1970ರ ದಶಕದಲ್ಲಿ ಯುರೋಪಿನಲ್ಲಿ ಅದರ ತಯಾರಿಕೆ ಬಲಗೊಂಡಿತು. ಬೆಸೆಯುವ ವಿಧಾನವನ್ನು ಅನುಸರಿಸಿ ಇದರಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳಿವೆ: ಪೆರಾಕ್ಸೈಡ್ ಬಳಸಿದ್ದು ಎ, ಸಿಲೇನ್ ಬಳಸಿದ್ದು ಬಿ, ಎಲೆಕ್ಟ್ರಾನ್ ಕಿರಣ ಹಾಯಿಸಿದ್ದು ಸಿ. ಎ ಬಗೆಯದು ಹೆಚ್ಚು ಬಾಗುತ್ತದೆ, ಮಡಿಕೆ ಬಿದ್ದರೆ ಹದವಾಗಿ ಬಿಸಿ ಮಾಡಿ ಸರಿಪಡಿಸಬಹುದು. ಉಳಿದಂತೆ ಮನೆ ಕಟ್ಟಿಸುವವರು ಈ ಅಕ್ಷರಗಳಿಗಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇದನ್ನು ಪಾಲಿಬ್ಯುಟಿಲೀನ್ ಎಂಬ ಇನ್ನೊಂದು ಬಾಗುವ ಪೈಪಿನೊಡನೆ ಬೆರೆಸಬಾರದು. ಅಮೆರಿಕದಲ್ಲಿ 1978ರಿಂದ 1995ರವರೆಗೆ ಲಕ್ಷಾಂತರ ಮನೆಗಳಿಗೆ ಹಾಕಿದ ಆ ಪೈಪು ಮತ್ತು ಅದರ ಫಿಟ್ಟಿಂಗ್‌ಗಳು ನೀರಿನ ಕ್ಲೋರಿನ್‌ಗೆ ಒಳಗಿನಿಂದ ಸೀಳುಬಿಟ್ಟು, ಸುಮಾರು 95 ಕೋಟಿ ಡಾಲರಿನ ನ್ಯಾಯಾಲಯದ ಒಪ್ಪಂದದಲ್ಲಿ ಕೊನೆಗೊಂಡವು. ಪೆಕ್ಸ್‌ಗೆ ಕ್ಲೋರಿನ್ ತಾಳಿಕೆಯ ಪ್ರತ್ಯೇಕ ಪರೀಕ್ಷೆ ಬಂದಿರುವುದರ ಹಿಂದೆ ಆ ಪಾಠವಿದೆ.

ಅಮೆರಿಕದಲ್ಲಿ ಪೆಕ್ಸ್ ಹಬ್ಬಲು ಇದ್ದ ಕಾರಣಗಳೇ ಬೇರೆ. ಅಮೆರಿಕದ ಮನೆಗಳಲ್ಲಿ ಅಲ್ಲಿಯವರೆಗೆ ಇದ್ದದ್ದು ತಾಮ್ರದ ಪೈಪು. ತಾಮ್ರದ ಬೆಲೆ ಏರಿದಾಗ ಪ್ಲಾಸ್ಟಿಕ್ ಅಗ್ಗವೆನಿಸಿತು. ಚಳಿಗೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿದರೆ ತಾಮ್ರ ಒಡೆಯುತ್ತದೆ, ಪೆಕ್ಸ್ ಹಿಗ್ಗಿ ತಾಳಿಕೊಳ್ಳುತ್ತದೆ. ಅಲ್ಲಿನ ಗೋಡೆಗಳು ಮರದ ಚೌಕಟ್ಟಿನವು, ಒಳಗೆ ಟೊಳ್ಳು; ನೆಲಮಾಳಿಗೆಯಲ್ಲಿ ಮ್ಯಾನಿಫೋಲ್ಡ್ ಇಟ್ಟು ವೈರ್ ಎಳೆದಂತೆ ಪೈಪನ್ನು ಎಳೆಯಬಹುದು. ಮೈಸೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಮ್ಮ ಮನೆಗಳಲ್ಲಿ ತಾಮ್ರವಿರಲಿಲ್ಲ, ನಮ್ಮ ಗೋಡೆಗಳು ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನವು, ನೆಲಮಾಳಿಗೆಯೂ ಸಾಮಾನ್ಯವಾಗಿ ಇಲ್ಲ. ಜಾಹೀರಾತಿನ ಕರಪತ್ರದಲ್ಲಿರುವ ಗುಣಗಳಲ್ಲಿ ಅರ್ಧದಷ್ಟು ಇಲ್ಲಿಗೆ ಸಂಬಂಧಿಸಿದ್ದೇ ಅಲ್ಲ. ಉಳಿದ ಅರ್ಧವನ್ನು ಮಾತ್ರ ತೂಗಿ ನೋಡಬೇಕಾಗಿದೆ.

ಎತ್ತರ ಮತ್ತು ಒತ್ತಡ

ಕಾವೇರಿಯಿಂದ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಮೂಲಕ, ಕಬಿನಿಯಿಂದ ಬಿದರಗೋಡಿನ ಮೂಲಕ ಮೈಸೂರಿಗೆ ನೀರು ಬರುತ್ತದೆ. ಅದು ನಮ್ಮ ಮನೆಯ ಸಂಪಿಗೆ ಬಿದ್ದೊಡನೆ ಬೀದಿಯ ಕೊಳವೆಯಲ್ಲಿದ್ದ ಒತ್ತಡ ಅಲ್ಲಿಗೇ ಮುಗಿಯಿತು. ಮೋಟಾರು ಅದನ್ನು ತಾರಸಿಯ ಸಿಂಟೆಕ್ಸ್ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಮುಂದೆ ನಲ್ಲಿಯಲ್ಲಿ ಸಿಗುವ ಒತ್ತಡವೆಂದರೆ ಟ್ಯಾಂಕಿನ ನೀರಿಗೂ ನಲ್ಲಿಗೂ ನಡುವಿನ ಎತ್ತರ ಮಾತ್ರ. ಪ್ಲಂಬರ್‌ಗಳು ಇದನ್ನು ಹೆಡ್ ಎನ್ನುತ್ತಾರೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಒತ್ತಡದ ಒಂದು ಮಾನ) ಎಂಬುದು ಸರಳ ಲೆಕ್ಕ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 40ರಿಂದ 80 ಪಿಎಸ್‌ಐ, ಅಂದರೆ 28ರಿಂದ 56 ಮೀಟರ್ ಎತ್ತರದ ನೀರಿಗೆ ಸಮನಾದ ಒತ್ತಡ.

30×40 ನಿವೇಶನದಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಅಂತಸ್ತು 10 ಅಡಿಗೆ ಸ್ವಲ್ಪ ಹೆಚ್ಚು, ಆದ್ದರಿಂದ ತಾರಸಿ ನೆಲದಿಂದ 6.2 ಮೀಟರ್ ಮೇಲಿದೆ. ಟ್ಯಾಂಕನ್ನು 4 ಅಡಿಯ ಕಟ್ಟೆಯ ಮೇಲೆ ಇಟ್ಟಿದ್ದಾರೆ, ಅದರ ತಳ ನೆಲದಿಂದ 7.4 ಮೀಟರ್. ಮೊದಲ ಮಹಡಿಯ ಶವರ್ ಆ ಮಹಡಿಯ ನೆಲದಿಂದ 2.1 ಮೀಟರ್ ಮೇಲೆ, ಅಂದರೆ ಒಟ್ಟು 5.2 ಮೀಟರ್. ಟ್ಯಾಂಕು ಖಾಲಿಯಾಗುತ್ತ ಬಂದಾಗ ಆ ಶವರ್‌ಗೆ ಉಳಿಯುವ ಹೆಡ್ 2.2 ಮೀಟರ್. ಅದೇ ಟ್ಯಾಂಕು ಮೆಟ್ಟಿಲುಕೋಣೆಯ ಛಾವಣಿಯ ಮೇಲಿದ್ದರೆ ಸುಮಾರು 3.5 ಮೀಟರ್. ಕೆಳ ಅಂತಸ್ತಿನ ಶವರ್‌ಗೆ ಮೊದಲ ಪಕ್ಷದಲ್ಲಿಯೂ 5 ಮೀಟರಿಗಿಂತ ಹೆಚ್ಚು ಇರುವುದರಿಂದ ಅಲ್ಲಿ ಯಾರೂ ದೂರುವುದಿಲ್ಲ. ಇಡೀ ಚರ್ಚೆ ಮೊದಲ ಮಹಡಿಯ ಆ 2.2 ಮೀಟರಿನ ಮೇಲೆ ನಿಂತಿದೆ.

ಈಗ ಘರ್ಷಣೆ, ಅಂದರೆ ಪೈಪಿನ ಒಳಮೈಗೆ ಉಜ್ಜಿ ಹರಿಯುವಾಗ ನೀರು ಕಳೆದುಕೊಳ್ಳುವ ಹೆಡ್. ಅರ್ಧ ಇಂಚಿನ ಪೆಕ್ಸ್ ಪೈಪಿನ ಒಳವ್ಯಾಸ ಸುಮಾರು 12.3 ಮಿ.ಮೀ. ಅದರಲ್ಲಿ ನಿಮಿಷಕ್ಕೆ 6 ಲೀಟರ್ ನೀರು ಹರಿದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 9 ಸೆಂ.ಮೀ. ಹೆಡ್ ನಷ್ಟವಾಗುತ್ತದೆ. ಮುಕ್ಕಾಲು ಇಂಚಿನದರಲ್ಲಿ ಅದೇ ಹರಿವಿಗೆ ನಷ್ಟ 2 ಸೆಂ.ಮೀ.ಗಿಂತ ಕಡಿಮೆ; ಒಂದು ಇಂಚಿನದರಲ್ಲಿ ಅರ್ಧ ಸೆಂ.ಮೀ. ಮೂರು ಎಂಟನೇ ಇಂಚಿನ ಪೈಪನ್ನು ಅಮೆರಿಕದಲ್ಲಿ ವಾಶ್‌ಬೇಸಿನ್‌ಗೆ ಧಾರಾಳವಾಗಿ ಬಳಸುತ್ತಾರೆ. ಅದರಲ್ಲಿ ಇಷ್ಟೇ ನೀರಿಗೆ ಮೀಟರಿಗೆ 37 ಸೆಂ.ಮೀ. ಹೋಗುತ್ತದೆ. 40 ಮೀಟರ್ ಒತ್ತಡ ಕೈಯಲ್ಲಿರುವವರಿಗೆ ಈ ನಷ್ಟಗಳು ಲೆಕ್ಕಕ್ಕಿಲ್ಲ. 2.2 ಮೀಟರ್ ಇರುವವರಿಗೆ ಇವೇ ಎಲ್ಲ.

ಇಡೀ ಮನೆಗೆ ಒಂದೇ ಮ್ಯಾನಿಫೋಲ್ಡನ್ನು ಕೆಳ ಅಂತಸ್ತಿನ ಯುಟಿಲಿಟಿಯಲ್ಲಿ ಇಟ್ಟರೆ ಏನಾಗುತ್ತದೆ? ನೀರು ತಾರಸಿಯಿಂದ ಮುಕ್ಕಾಲು ಇಂಚಿನ ಪೈಪಿನಲ್ಲಿ 10 ಮೀಟರ್ ಬರಬೇಕು. ಎರಡು ನಲ್ಲಿ ಒಟ್ಟಿಗೆ ತೆರೆದಿದ್ದರೆ ಅಲ್ಲಿಯೇ ಸುಮಾರು 60 ಸೆಂ.ಮೀ. ನಷ್ಟ. ಆಮೇಲೆ ಅರ್ಧ ಇಂಚಿನ ಪೈಪು 12 ಮೀಟರ್ ಸುತ್ತಿ ಮತ್ತೆ ಮೊದಲ ಮಹಡಿಗೆ ಏರಬೇಕು, ಅಲ್ಲಿ ಒಂದು ಮೀಟರಿಗಿಂತ ಹೆಚ್ಚು. ಕಿರುವಾಲ್ವ್, ಫಿಟ್ಟಿಂಗ್‌ಗಳಿಗೆ ಇನ್ನೊಂದು 30 ಸೆಂ.ಮೀ. ಎಂದಿಟ್ಟುಕೊಂಡರೆ 2 ಮೀಟರ್ ದಾರಿಯಲ್ಲಿಯೇ ಕರಗಿತು. ಶವರ್‌ನ ಜಾಲರಿಯನ್ನು ದಾಟಲು ಉಳಿದದ್ದು ಒಂದು ಗೇಣು. ನೀರು ಧಾರೆಯಾಗಿ ಬೀಳುವುದಿಲ್ಲ, ತೊಟ್ಟಿಕ್ಕುತ್ತದೆ. ಇದಕ್ಕೆ ಬದಲಾಗಿ ಪ್ರತಿ ಮಹಡಿಗೂ ಒಂದೊಂದು ಸಣ್ಣ ಮ್ಯಾನಿಫೋಲ್ಡ್ ಇಟ್ಟು, ಅಲ್ಲಿಯವರೆಗೆ ಒಂದು ಇಂಚಿನ ಪೈಪು ತಂದರೆ, ಎರಡು ನಲ್ಲಿ ತೆರೆದಾಗಲೂ 6 ಮೀಟರಿಗೆ ಸುಮಾರು 11 ಸೆಂ.ಮೀ., ಅಲ್ಲಿಂದ ನಲ್ಲಿಯವರೆಗಿನ 4 ಮೀಟರಿಗೆ 35 ಸೆಂ.ಮೀ., ಫಿಟ್ಟಿಂಗ್‌ಗಳನ್ನು ಸೇರಿಸಿದರೂ ನಷ್ಟ 80 ಸೆಂ.ಮೀ. ದಾಟುವುದಿಲ್ಲ. ಪೈಪು ಅದೇ, ಹಿತ್ತಾಳೆ ಅದೇ, ಟ್ಯಾಂಕೂ ಅದೇ. ಮ್ಯಾನಿಫೋಲ್ಡ್ ಎಲ್ಲಿದೆ ಎಂಬುದು ಮಾತ್ರ ಬದಲಾಯಿತು.

ಇಲ್ಲಿ ಸಿಪಿವಿಸಿ ಪರ ಒಂದು ಮಾತು ಹೇಳಲೇಬೇಕು. ಅರ್ಧ ಇಂಚಿನ ಸಿಪಿವಿಸಿಯ ಒಳವ್ಯಾಸವೂ ಹೆಚ್ಚುಕಡಿಮೆ ಇಷ್ಟೇ, ಆದ್ದರಿಂದ ಪೆಕ್ಸ್ ಎಂಬ ವಸ್ತುವನ್ನು ಇದಕ್ಕಾಗಿ ದೂರುವಂತಿಲ್ಲ. ವ್ಯತ್ಯಾಸ ಜೋಡಣೆಯಲ್ಲಿದೆ. ಅನುಭವಿ ಪ್ಲಂಬರ್ ಬಚ್ಚಲುಮನೆಯ ಗೋಡೆಯವರೆಗೂ ಒಂದು ಅಥವಾ ಮುಕ್ಕಾಲು ಇಂಚಿನ ಪೈಪನ್ನೇ ತಂದು, ಕೊನೆಯ ಒಂದೆರಡು ಅಡಿ ಮಾತ್ರ ಅರ್ಧ ಇಂಚಿಗೆ ಇಳಿಸುತ್ತಾರೆ. ಯಾವ ಸೂತ್ರವನ್ನೂ ಓದದೆ, ನೀರು ಫೋರ್ಸಾಗಿ ಬರಬೇಕು ಎಂಬ ಒಂದೇ ಮಾತಿನಿಂದ ಅವರು ತಲುಪಿದ ತೀರ್ಮಾನ ಭೌತಶಾಸ್ತ್ರಕ್ಕೆ ಸರಿಯಾಗಿಯೇ ಹೊಂದುತ್ತದೆ. ಮ್ಯಾನಿಫೋಲ್ಡ್ ಹಾಕುವವರು ಈ ವಿವೇಕವನ್ನು ಉಳಿಸಿಕೊಳ್ಳಬೇಕು: ದಪ್ಪ ಪೈಪು ಆದಷ್ಟು ದೂರ ಬರಲಿ, ತೆಳು ಪೈಪು ಆದಷ್ಟು ಗಿಡ್ಡವಾಗಿರಲಿ. ಮೂರು ಎಂಟನೇ ಇಂಚಿನ ಪೈಪಂತೂ ಟ್ಯಾಂಕಿನ ನೀರಿಗೆ ಬೇಡವೇ ಬೇಡ. ಪೈಪಿನ ಒಳಗೆ ತೂರಿಸುವ ಫಿಟ್ಟಿಂಗ್‌ಗಳು ದಾರಿಯನ್ನು ಇನ್ನಷ್ಟು ಕಿರಿದು ಮಾಡುವುದರಿಂದ, ಪೈಪನ್ನೇ ಹಿಗ್ಗಿಸಿ ಕೂರಿಸುವ ಬಗೆಯ ಫಿಟ್ಟಿಂಗ್ ಸಿಕ್ಕರೆ ಅದು ಉತ್ತಮ.

ಪಂಪು ಹಾಕಿದರೆ ಮುಗಿಯಿತೇ?

ಒತ್ತಡ ಕಡಿಮೆಯಾದರೆ ಪ್ರೆಶರ್ ಪಂಪು ಹಾಕಿದರಾಯಿತು ಎಂಬುದು ಸುಲಭದ ಉತ್ತರ. ದೊಡ್ಡ ಶವರ್ ಹಾಕಿಸುವ ಹೊಸ ಮನೆಗಳಲ್ಲಿ ಅರ್ಧ ಅಶ್ವಶಕ್ತಿಯ ಪಂಪು ಈಗ ವಿಶೇಷವೇನಲ್ಲ. ಪಂಪು 1.5 ಬಾರ್ ಕೊಟ್ಟರೆ ಅದು 15 ಮೀಟರ್ ಹೆಡ್. ಮೇಲಿನ ಲೆಕ್ಕವೆಲ್ಲ ನಗಣ್ಯವಾಗುತ್ತದೆ, ಮ್ಯಾನಿಫೋಲ್ಡ್ ಎಲ್ಲಿದ್ದರೂ ನಡೆಯುತ್ತದೆ. ಆದರೆ ಮೈಸೂರಿನ ತಾರಸಿಗಳಲ್ಲಿ ಟ್ಯಾಂಕಿನ ಪಕ್ಕದಲ್ಲಿಯೇ ಇನ್ನೊಂದು ವಸ್ತುವಿದೆ, ಸೋಲಾರ್ ವಾಟರ್ ಹೀಟರ್, ಮತ್ತು ತೊಡಕು ಆರಂಭವಾಗುವುದು ಅಲ್ಲಿಂದ.

ಗಾಜಿನ ಕೊಳವೆಗಳ ಸಾಮಾನ್ಯ ಸೋಲಾರ್ ಹೀಟರಿನ ಟ್ಯಾಂಕು ಒತ್ತಡ ತಡೆಯಲು ಮಾಡಿದ್ದಲ್ಲ. ಅದಕ್ಕೆ ಮೇಲ್ಮುಖವಾಗಿ ತೆರೆದ ಗಾಳಿಕೊಳವೆ ಇರುತ್ತದೆ, ಅದರ ನೀರು ತನ್ನ ಎತ್ತರದ ಬಲದಿಂದಲೇ ಇಳಿಯುತ್ತದೆ. ಪಂಪನ್ನು ತಣ್ಣೀರಿನ ಲೈನಿಗೆ ಮಾತ್ರ ಹಾಕಿದರೆ, ಬಚ್ಚಲುಮನೆಯ ಮಿಕ್ಸರ್‌ನಲ್ಲಿ ಒಂದು ಕಡೆ 1.5 ಬಾರ್ ತಣ್ಣೀರು, ಇನ್ನೊಂದು ಕಡೆ 0.2 ಬಾರ್ ಬಿಸಿನೀರು ಎದುರುಬದುರಾಗುತ್ತವೆ. ಶವರ್ ಜಾಲರಿ ಹರಿವನ್ನು ತಡೆಯುವುದರಿಂದ ತಣ್ಣೀರು ಬಿಸಿನೀರಿನ ಪೈಪಿನೊಳಗೇ ನುಗ್ಗಿ, ಮೇಲೇರಿ, ಸೋಲಾರ್ ಟ್ಯಾಂಕನ್ನು ತುಂಬಿಸಿ ಗಾಳಿಕೊಳವೆಯಿಂದ ತಾರಸಿಗೆ ಸುರಿಯುತ್ತದೆ. ಮನೆಯವರಿಗೆ ಕಾಣುವುದು ಎರಡು ಒಗಟುಗಳು: ಬಿಸಿನೀರು ಬರುವುದಿಲ್ಲ, ತಾರಸಿಯಲ್ಲಿ ನೀರು ಹರಿಯುತ್ತಿದೆ. ಬಿಸಿನೀರಿನ ಲೈನಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಎರಡನೆಯದು ನಿಲ್ಲುತ್ತದೆ, ಮೊದಲನೆಯದು ನಿಲ್ಲುವುದಿಲ್ಲ, ಏಕೆಂದರೆ ದುರ್ಬಲವಾದ ಬಿಸಿನೀರು ತಣ್ಣೀರನ್ನು ತಳ್ಳಿ ಒಳಬರಲಾರದು. ಎರಡೂ ಲೈನಿಗೆ ಸಮನಾದ ಪಂಪು ಬೇಕು, ಬಿಸಿನೀರಿನದು ಆ ಉಷ್ಣತೆಗೆ ತಕ್ಕದ್ದಾಗಿರಬೇಕು. ಇಲ್ಲವೇ ಒತ್ತಡ ತಾಳುವ ಬಗೆಯ ಸೋಲಾರ್ ಟ್ಯಾಂಕನ್ನೇ ಕೊಳ್ಳಬೇಕು. ಪಂಪಿನ ನೀರೇ ಗೀಸರಿನ ಮೂಲಕ ಬಿಸಿಯಾಗಿ ಬರುವ ಮನೆಗಳಲ್ಲಿ ಎರಡೂ ಬದಿ ಸಮನಾಗಿರುವುದರಿಂದ ಈ ಜಗಳವಿಲ್ಲ.

ನನ್ನ ತೀರ್ಮಾನ ಇದು: ಸೋಲಾರ್ ಇರುವ, ಟ್ಯಾಂಕಿನ ನೀರನ್ನೇ ನಂಬಿದ ಮನೆಗೆ ಪಂಪಿಲ್ಲದೆ ಮಹಡಿಗೊಂದು ಮ್ಯಾನಿಫೋಲ್ಡ್ ಸರಿಯಾದ ದಾರಿ. ಟ್ಯಾಂಕನ್ನು ಮೆಟ್ಟಿಲುಕೋಣೆಯ ಮೇಲಕ್ಕೆ ಏರಿಸಲು ತಗಲುವ ಖರ್ಚು ಒಂದೇ ಸಲದ್ದು, ಅದಕ್ಕೆ ಕರೆಂಟ್ ಬೇಡ, ರಿಪೇರಿ ಬೇಡ. ಏರಿಸಿದರೆ ಸೋಲಾರಿಗೆ ನೀರೂಡಿಸುವ ಮಟ್ಟವನ್ನೂ ಅದರೊಂದಿಗೇ ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಎರಡು ನೀರಿನ ನಡುವೆ ಅದೇ ಅಸಮತೋಲ ಸಣ್ಣ ಪ್ರಮಾಣದಲ್ಲಿ ಮರಳುತ್ತದೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ತಾರಸಿಯಲ್ಲಿ ಏರ್ ಪೈಪ್ ಬಿಡುವುದನ್ನೂ ಮರೆಯಬಾರದು. ಟ್ಯಾಂಕು ಒಮ್ಮೆ ಖಾಲಿಯಾದರೆ ಒಳಗೆ ಸೇರುವ ಗಾಳಿಯನ್ನು ಹೊರದಬ್ಬುವ ಶಕ್ತಿ ಇಷ್ಟು ಕಡಿಮೆ ಹೆಡ್‌ಗೆ ಇರುವುದಿಲ್ಲ; ತೆಳು ಪೈಪು ನಡುವೆ ಡುಬ್ಬದಂತೆ ಎದ್ದು ಬಾಗಿದ್ದರೆ ಗಾಳಿ ಅಲ್ಲಿಯೇ ಕೂರುತ್ತದೆ.

ಗೋಡೆಯೊಳಗಿನ ಜಾಯಿಂಟು, ನೆಲದೊಳಗಿನ ಕೊಳವೆ

ಹಾಗಾದರೆ ಲಾಭವೇನು? ಬಚ್ಚಲುಮನೆಯೊಂದರ ತಣ್ಣೀರಿನ ಲೈನನ್ನೇ ತೆಗೆದುಕೊಳ್ಳಿ: ವಾಶ್‌ಬೇಸಿನ್, ಫ್ಲಶ್ ಟ್ಯಾಂಕ್, ಹೆಲ್ತ್ ಫಾಸೆಟ್, ಡೈವರ್ಟರ್ (ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವುದು), ಗೀಸರ್ ಎಂದು ಐದು ಬಿಂದುಗಳಿಗೆ ನಾಲ್ಕು ಟೀ, ಆರು ಎಲ್ಬೋ ಬೇಕಾಗುತ್ತವೆ ಎಂದುಕೊಂಡರೆ, ಟೀಗೆ ಮೂರರಂತೆ, ಎಲ್ಬೋಗೆ ಎರಡರಂತೆ ಸೊಲ್ಯೂಷನ್ ಎಂಬ ಅಂಟು ಹಚ್ಚಿದ 24 ಜಾಯಿಂಟುಗಳು ಗೋಡೆಯೊಳಗೆ ಹೂತುಹೋಗುತ್ತವೆ. ಬಿಸಿನೀರಿನದು ಬೇರೆ. ಇವುಗಳಲ್ಲಿ ಒಂದಕ್ಕೆ ಸೊಲ್ಯೂಷನ್ ಕಡಿಮೆಯಾಗಿದ್ದರೆ, ಅಥವಾ ಒಣಗುವ ಮೊದಲೇ ನೀರು ಬಿಟ್ಟಿದ್ದರೆ, ಅದು ವರ್ಷಗಳ ನಂತರ ಪಕ್ಕದ ಕೋಣೆಯ ಗೋಡೆಯಲ್ಲಿ ತೇವವಾಗಿ, ಉಬ್ಬಿದ ಬಣ್ಣವಾಗಿ ಕಾಣಿಸಿಕೊಳ್ಳುತ್ತದೆ. ಮ್ಯಾನಿಫೋಲ್ಡ್ ಪದ್ಧತಿಯಲ್ಲಿ ಪ್ರತಿ ಪೈಪಿಗೆ ಎರಡೇ ತುದಿ: ಒಂದು ಮ್ಯಾನಿಫೋಲ್ಡ್ ಇರುವ ಪೆಟ್ಟಿಗೆಯಲ್ಲಿ, ಇನ್ನೊಂದು ನಲ್ಲಿಯ ಹಿಂದೆ. ಐದು ಬಿಂದುಗಳಿಗೆ ಹತ್ತು ಜಾಯಿಂಟ್, ಅವುಗಳಲ್ಲಿ ಐದು ಕಣ್ಣೆದುರಿಗೇ ಇರುತ್ತವೆ. ಒಂದೂ ಜಾಯಿಂಟ್ ಇಲ್ಲ ಎಂಬುದು ಉತ್ಪ್ರೇಕ್ಷೆ, ಏಕೆಂದರೆ ನಲ್ಲಿಯ ಹಿಂದಿನ ಹಿತ್ತಾಳೆಯ ಎಲ್ಬೋ ಗೋಡೆಯಲ್ಲಿಯೇ ಕೂರುತ್ತದೆ. ಆದರೂ 24ಕ್ಕೆ ಎದುರಾಗಿ 5 ಎಂಬುದು ಸಣ್ಣ ಲಾಭವಲ್ಲ.

ಇದಕ್ಕಿಂತ ದೊಡ್ಡ ಲಾಭವೊಂದನ್ನು ಇಲ್ಲಿ ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಇಟ್ಟಿಗೆ, ಕಾಂಕ್ರೀಟಿನಲ್ಲಿಯೇ ಕಟ್ಟುವ ಯುರೋಪಿನ ದೇಶಗಳಲ್ಲಿ ಪೆಕ್ಸ್ ಪೈಪನ್ನು ಬರಿದಾಗಿ ಹೂಳುವುದಿಲ್ಲ. ಸುರುಳಿಗೆರೆಗಳಿರುವ ಇನ್ನೊಂದು ಸಡಿಲ ಕೊಳವೆಯೊಳಗೆ ಅದನ್ನು ತೂರಿಸಿ ಹಾಕುತ್ತಾರೆ, ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ. ತಿರುವುಗಳು ಹದವಾಗಿದ್ದರೆ, ಮುಂದೆಂದಾದರೂ ಒಳಪೈಪು ಕೆಟ್ಟಾಗ ಅದನ್ನು ಎಳೆದು ತೆಗೆದು ಹೊಸದನ್ನು ತೂರಿಸಬಹುದು, ಟೈಲ್ಸ್ ಒಡೆಯಬೇಕಾಗಿಲ್ಲ. ಎಲ್ಲಿಯಾದರೂ ಸೋರಿದರೂ ನೀರು ಹೊರಕೊಳವೆಯ ಮೂಲಕ ಪೆಟ್ಟಿಗೆಗೋ ನಲ್ಲಿಯ ತುದಿಗೋ ಬಂದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ನಮ್ಮ ಮನೆಗಳಿಗೆ ಹೊಂದುವ ಮಾದರಿ ಇದು, ಮರದ ಗೋಡೆಯ ಅಮೆರಿಕದ್ದಲ್ಲ. ಹೊರಕೊಳವೆಯಿಲ್ಲದೆ ಪೆಕ್ಸ್ ಪೈಪನ್ನು ನೇರವಾಗಿ ಗಾರೆಯಲ್ಲಿ ಹೂಳುವುದಾದರೆ, ಈ ಪದ್ಧತಿಯ ಅತ್ಯುತ್ತಮ ಗುಣವನ್ನೇ ಬಿಟ್ಟು ಅದರ ಬೆಲೆಯನ್ನು ಮಾತ್ರ ಕೊಟ್ಟಂತಾಗುತ್ತದೆ. ಬಿಸಿಗೆ ಪೆಕ್ಸ್ ಬಹಳ ಹಿಗ್ಗುತ್ತದೆ ಎಂಬುದೂ ಇದಕ್ಕೆ ಇನ್ನೊಂದು ಕಾರಣ: 10 ಮೀಟರ್ ಪೈಪು 40 ಡಿಗ್ರಿ ಬಿಸಿಯೇರಿದರೆ 6ರಿಂದ 8 ಸೆಂ.ಮೀ. ಬೆಳೆಯುತ್ತದೆ, ಸಿಪಿವಿಸಿಯ ಎರಡು ಮೂರು ಪಟ್ಟು. ಸಡಿಲ ಕೊಳವೆಯೊಳಗೆ ಆ ಹಿಗ್ಗುವಿಕೆಗೆ ಜಾಗವಿರುತ್ತದೆ.

ಪೈಪಿನ ದಾರಿ ನೆಲಹಾಸಿನ ಕೆಳಗಿನ ಗಾರೆಯಲ್ಲಿ ಇಲ್ಲವೇ ಬಚ್ಚಲುಮನೆಯ ತಗ್ಗಿಸಿದ ಸ್ಲ್ಯಾಬಿನಲ್ಲಿ ಹೋಗುವುದರಿಂದ ಗೋಡೆಯನ್ನು ಅಡ್ಡಡ್ಡ ಕೊರೆಯುವುದು ತಪ್ಪುತ್ತದೆ. ನಾಲ್ಕೂವರೆ ಇಂಚಿನ ಗೋಡೆಗಳಿಗೆ ಇದು ನಿಜವಾದ ಉಪಕಾರ. ಬಾಗಿಸುವಾಗ ಪೈಪಿನ ಹೊರವ್ಯಾಸದ 6ರಿಂದ 8 ಪಟ್ಟು ತ್ರಿಜ್ಯ ಉಳಿಸಿಕೊಳ್ಳಬೇಕು, 16 ಮಿ.ಮೀ. ಪೈಪಿಗೆ ಅಂದರೆ 10ರಿಂದ 13 ಸೆಂ.ಮೀ. ಅವಸರದಲ್ಲಿ ಮಡಿಚಿದರೆ ಪೈಪು ಚಪ್ಪಟೆಯಾಗಿ ಮತ್ತೆ ಅದೇ ಒತ್ತಡದ ಕತೆ.

ಬಿಸಿನೀರಿಗಾಗಿ ಕಾಯುವ ಹೊತ್ತು ಈ ಪದ್ಧತಿಯಿಂದ ಕಡಿಮೆಯಾಗುತ್ತದೆ ಎಂಬ ಮಾತು ಅರೆಸತ್ಯ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ 0.23 ಲೀಟರ್, ಅರ್ಧ ಇಂಚಿನದರಲ್ಲಿ 0.12 ಲೀಟರ್ ತಣ್ಣಗಾದ ನೀರು ನಿಂತಿರುತ್ತದೆ, ಆದ್ದರಿಂದ ತೆಳು ಪೈಪು ಬೇಗ ಬಿಸಿಯಾಗುತ್ತದೆ. ಆದರೆ ಪ್ರತಿ ನಲ್ಲಿಗೂ ಪ್ರತ್ಯೇಕ ಪೈಪು ಇರುವುದರಿಂದ, ಶವರ್‌ನಲ್ಲಿ ಸ್ನಾನ ಮುಗಿಸಿದವರ ಹಿಂದೆಯೇ ವಾಶ್‌ಬೇಸಿನ್‌ನಲ್ಲಿ ಬಿಸಿನೀರು ತೆರೆದರೆ ಅಲ್ಲಿ ಮತ್ತೆ ಮೊದಲಿನಿಂದ ಕಾಯಬೇಕು. ಸೋಲಾರಿನಿಂದ ಕೆಳ ಅಂತಸ್ತಿಗೆ 14 ಮೀಟರ್ ಮುಕ್ಕಾಲು ಇಂಚಿನ ಪೈಪು ಇಳಿಯುವ ಮನೆಯಲ್ಲಿ ವ್ಯರ್ಥವಾಗುವ ನೀರಿನ ಬಹುಭಾಗ, ಅಂದರೆ ಸುಮಾರು ಮೂರೂಕಾಲು ಲೀಟರ್, ಆ ದಪ್ಪ ಪೈಪಿನದೇ, ಮ್ಯಾನಿಫೋಲ್ಡ್ ಅದನ್ನು ತಪ್ಪಿಸಲಾರದು. ಅತಿಥಿ ಕೋಣೆಯ ಬಚ್ಚಲುಮನೆಯಂತೆ ತಿಂಗಳಾನುಗಟ್ಟಲೆ ಬಳಸದ ನಲ್ಲಿಗಳ ಪೈಪಿನಲ್ಲಿ ನೀರು ಹಾಗೆಯೇ ನಿಂತುಬಿಡುತ್ತದೆ ಎಂಬ ಕೊರತೆಯೂ ಇದರಲ್ಲಿದೆ. ಅಂಥ ನಲ್ಲಿಯನ್ನು ಬಳಸುವ ಮೊದಲು ಒಂದು ನಿಮಿಷ ಹರಿಯಬಿಡುವುದು ಒಳ್ಳೆಯದು.

ಬಿಸಿಲು, ಇಲಿ, ಗಡಸುನೀರು, ಅಂಗಡಿ

ಪೆಕ್ಸ್‌ಗೆ ಬಿಸಿಲು ಆಗದು. ಸೂರ್ಯನ ನೇರಳಾತೀತ ಕಿರಣಕ್ಕೆ ಅದರ ತಾಳಿಕೆ ಕೆಲವು ತಿಂಗಳುಗಳಲ್ಲಿಯೇ ಕುಂದತೊಡಗುತ್ತದೆ, ಕಟ್ಟಡದ ಕೆಲಸ ನಿಧಾನವಾಗಿ ಸುರುಳಿಗಳು ಬಯಲಿನಲ್ಲಿ ಬಿದ್ದಿದ್ದರೂ ಸಾಕು. ನಮ್ಮಲ್ಲಿ ತಾರಸಿಯ ಮೇಲೆ, ಹೊರಗೋಡೆಯ ಮೇಲೆ ಪೈಪು ಓಡಿಸುವುದು ಸಾಮಾನ್ಯವಾದ್ದರಿಂದ, ಟ್ಯಾಂಕಿನಿಂದ ಮನೆಯೊಳಗೆ ಬರುವ ಭಾಗ ಬೇರೆ ವಸ್ತುವಿನದಾಗಿರಬೇಕು. ಸೋಲಾರಿನಿಂದ ಹೊರಬೀಳುವ ಮೊದಲ ಕೆಲವು ಅಡಿಗೆ ಲೋಹವೇ ಲೇಸು. ಪೆಕ್ಸ್ 82 ಡಿಗ್ರಿಯಲ್ಲಿ 100 ಪಿಎಸ್‌ಐ, 93 ಡಿಗ್ರಿಯಲ್ಲಿ 80 ಪಿಎಸ್‌ಐ ತಾಳಬಲ್ಲದು ಎಂಬ ದರ್ಜೆ ಪಡೆದಿದೆ, ಆದ್ದರಿಂದ ಬಳಕೆಯ ಬಿಸಿನೀರಿನ ಬಗ್ಗೆ ಚಿಂತೆಯಿಲ್ಲ. ಮನೆಮಂದಿ ಊರಿಗೆ ಹೋದಾಗ ಏಪ್ರಿಲ್‌ನ ಬಿಸಿಲಿಗೆ ಸೋಲಾರ್ ಟ್ಯಾಂಕಿನ ನೀರು ಕುದಿಯುವ ಹತ್ತಿರಕ್ಕೆ ಹೋಗುವುದು ಮಾತ್ರ ಬೇರೆ ವಿಷಯ.

ಇಲಿ ಈ ಪೈಪನ್ನು ಕಡಿಯುತ್ತದೆ. ಗಟ್ಟಿ ಸಿಪಿವಿಸಿಗಿಂತ ಮೆತ್ತನೆಯ ಪೆಕ್ಸ್ ಅದಕ್ಕೆ ಸುಲಭ. ತೆರೆದ ಡಕ್ಟ್‌ಗಳಲ್ಲಿ, ಸಜ್ಜೆಯ ಮೇಲೆ ಬರಿ ಪೈಪು ಬಿಡುವುದು ಅಪಾಯ. ಬೋರ್‌ವೆಲ್ ನೀರು ಗಡಸಾಗಿರುವ ಬಡಾವಣೆಗಳಲ್ಲಿ ಪೈಪಿಗಿಂತ ಮ್ಯಾನಿಫೋಲ್ಡಿನ ಕಿರುವಾಲ್ವ್‌ಗಳು ಮೊದಲು ಕೈಕೊಡುತ್ತವೆ: ವರ್ಷಗಟ್ಟಲೆ ತಿರುಗಿಸದೆ ಬಿಟ್ಟರೆ ಸುಣ್ಣದ ಪದರ ಕಟ್ಟಿ ಗಟ್ಟಿಯಾಗುತ್ತವೆ. ಅಗ್ಗದ ಹಿತ್ತಾಳೆಯಿಂದ ಕೆಲವು ನೀರುಗಳು ಸತುವನ್ನು ಕರಗಿಸಿ ಅದನ್ನು ಟೊಳ್ಳು ಮಾಡುವುದರಿಂದ, ಸತು ಬಿಡದ ಡಿಜೆಡ್‌ಆರ್ ಹಿತ್ತಾಳೆಯೇ ಎಂದು ಕೇಳಿ ಕೊಳ್ಳಬೇಕು. ಕಾವೇರಿ ನೀರು, ಬೋರ್ ನೀರು ಎರಡನ್ನೂ ಬಳಸುವ ಮನೆಗಳಿಗೆ ಎರಡು ಟ್ಯಾಂಕು, ಎರಡು ಮ್ಯಾನಿಫೋಲ್ಡ್ ಇಟ್ಟು ಅಡುಗೆಮನೆಯನ್ನು ಒಂದಕ್ಕೆ, ಫ್ಲಶ್ ಟ್ಯಾಂಕುಗಳನ್ನು ಇನ್ನೊಂದಕ್ಕೆ ಜೋಡಿಸುವುದು ಈ ಪದ್ಧತಿಯಲ್ಲಿ ಬಹಳ ಸಲೀಸು. ಮುಂದೆ ಬದಲಾಯಿಸಬೇಕೆನಿಸಿದರೂ ಪೆಟ್ಟಿಗೆಯೊಳಗಿನ ಕೆಲಸವೇ ಹೊರತು ಗೋಡೆ ಒಡೆಯುವ ಕೆಲಸವಲ್ಲ. ಎರಡು ನೀರಿನ ನಡುವೆ ವಾಲ್ವ್ ಇಟ್ಟು ಒಂದನ್ನೊಂದು ಸೇರಿಸುವ ಜಾಣತನ ಮಾತ್ರ ಕೂಡದು.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ರಿಪೇರಿ. ಸಿಪಿವಿಸಿ ಒಡೆದರೆ ಯಾವ ಪ್ಲಂಬರಾದರೂ ಗರಗಸದ ಬ್ಲೇಡು, ಒಂದು ಕಪ್ಲರ್, ಸೊಲ್ಯೂಷನ್ ಡಬ್ಬಿ ಹಿಡಿದು ಅರ್ಧ ಗಂಟೆಯಲ್ಲಿ ಸರಿಮಾಡುತ್ತಾರೆ. ಸಾಮಾನು ಬೀದಿಯ ತುದಿಯ ಹಾರ್ಡ್‌ವೇರ್ ಅಂಗಡಿಯಲ್ಲಿಯೇ ಸಿಗುತ್ತದೆ. ಪೆಕ್ಸ್‌ಗೆ ಯಾವ ಸೊಲ್ಯೂಷನ್ನೂ ಅಂಟುವುದಿಲ್ಲ. ಉಂಗುರ ಒತ್ತಲು ಅಥವಾ ಪೈಪು ಹಿಗ್ಗಿಸಲು ಪ್ರತ್ಯೇಕ ಉಪಕರಣ ಬೇಕು, ಒಂದು ಕಂಪನಿಯ ಫಿಟ್ಟಿಂಗ್ ಇನ್ನೊಂದರ ಪೈಪಿಗೆ ಹೊಂದಬೇಕೆಂದಿಲ್ಲ. ಇದರ ಮೇಲೆ ಅಳತೆಯ ಗೊಂದಲವೂ ಇದೆ: ಇಂಚಿನ ಲೆಕ್ಕದ ಅರ್ಧ ಇಂಚಿನ ಪೈಪಿನ ಹೊರವ್ಯಾಸ 15.9 ಮಿ.ಮೀ., ಮೆಟ್ರಿಕ್ ಲೆಕ್ಕದ್ದು 16 ಮಿ.ಮೀ. ಕಣ್ಣಿಗೆ ಎರಡೂ ಒಂದೇ, ಪೈಪಿನ ಗೋಡೆಯ ದಪ್ಪ ಮಾತ್ರ ಬೇರೆ. ಒಂದರ ಫಿಟ್ಟಿಂಗನ್ನು ಇನ್ನೊಂದಕ್ಕೆ ಕೂರಿಸಿದರೆ ಅಂದು ನಿಂತದ್ದು ಆಮೇಲೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಕೊಳ್ಳುವಾಗ ಪೈಪಿನ ಮೇಲೆ ಐಎಸ್‌ಒ 15875 ಅಥವಾ ಎಎಸ್‌ಟಿಎಂ ಎಫ್876 ಎಂಬ ಗುಣಮಟ್ಟದ ಗುರುತು ಇದೆಯೇ ಎಂದು ನೋಡುವುದರ ಜೊತೆಗೆ, ಅದೇ ಪದ್ಧತಿಯ ಹತ್ತಾರು ಫಿಟ್ಟಿಂಗ್, ಉಂಗುರಗಳನ್ನು ಹೆಚ್ಚುವರಿಯಾಗಿ ಕೊಂಡು ಮನೆಯಲ್ಲಿಯೇ ಇಟ್ಟುಕೊಳ್ಳಬೇಕು. ಉಪಕರಣವಿರುವ ಇಬ್ಬರು ಪ್ಲಂಬರ್‌ಗಳಾದರೂ ಊರಿನಲ್ಲಿ ಸಿಗದಿದ್ದರೆ, ಸಿಪಿವಿಸಿಯಲ್ಲಿಯೇ ಉಳಿದು ಅದರ ಕೆಲಸವನ್ನು ಚೆನ್ನಾಗಿ ಮಾಡಿಸುವುದು ಜಾಣತನ. ಮಹಡಿಗೊಂದು ಕಡೆ ವಾಲ್ವ್‌ಗಳನ್ನು ಒಟ್ಟುಗೂಡಿಸಿ ಇಡುವುದು ಸಿಪಿವಿಸಿಯಲ್ಲಿಯೂ ಸಾಧ್ಯ.

ಯಾವ ಪೈಪಾದರೂ ಗಾರೆ ಮುಚ್ಚುವ ಮೊದಲು ಪರೀಕ್ಷೆ ಆಗಲೇಬೇಕು. ಟ್ಯಾಂಕು ತುಂಬಿಸಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸೋರಿಲ್ಲ ಎಂದು ಪ್ಲಾಸ್ಟರ್ ಮಾಡಿಬಿಡುವುದುಂಟು. ಆ ಪರೀಕ್ಷೆಯಲ್ಲಿ ಪೈಪು ಕಂಡ ಒತ್ತಡ ಒಂದು ಬಾರ್ ಕೂಡ ಅಲ್ಲ. ಮುಂದೆ ಪಂಪು ಹಾಕುವ ದಿನ ಅದೇ ಜಾಯಿಂಟು ಅದಕ್ಕಿಂತ ಬಹಳ ಹೆಚ್ಚಿನ ಒತ್ತಡಕ್ಕೆ ಸಿಲುಕುತ್ತದೆ. ಕೈಪಂಪಿನಿಂದ ಪೈಪು ತಯಾರಕರು ಸೂಚಿಸಿದ ಒತ್ತಡವನ್ನು ಏರಿಸಿ, ಮೀಟರಿನ ಮುಳ್ಳನ್ನು ಮಾಲೀಕರೇ ನಿಂತು ನೋಡಬೇಕು. ಪೆಕ್ಸ್ ಹಿಗ್ಗುವ ವಸ್ತುವಾದ್ದರಿಂದ ಮೊದಲು ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಮತ್ತೊಮ್ಮೆ ಏರಿಸಿ, ಅದು ಸ್ಥಿರವಾಗಿ ನಿಂತ ಮೇಲೆ ಗಂಟೆಗಳನ್ನು ಎಣಿಸಬೇಕು. ಟೈಲ್ಸ್ ಕೆಲಸ ಮುಗಿಯುವವರೆಗೂ ಪೈಪಿನಲ್ಲಿ ಒತ್ತಡ ಉಳಿಸಿದ್ದರೆ, ಯಾರಾದರೂ ಡ್ರಿಲ್ಲು ತಾಗಿಸಿದ ಕ್ಷಣವೇ ಗೊತ್ತಾಗುತ್ತದೆ. ನೆಲ ಮುಚ್ಚುವ ಮುನ್ನ ಪ್ರತಿ ಕೋಣೆಯ ಪೈಪುದಾರಿಯ ಫೋಟೋವನ್ನು ಅಳತೆಪಟ್ಟಿ ಹಾಸಿ ತೆಗೆದು, ಅದರ ಪ್ರತಿಯೊಂದನ್ನು ಮ್ಯಾನಿಫೋಲ್ಡ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿಡಬೇಕು, ಯಾವ ವಾಲ್ವ್ ಯಾವ ನಲ್ಲಿಯದು ಎಂಬ ಪಟ್ಟಿಯ ಜೊತೆಗೆ.